ದೋಣಿ ಎಳೆದು ತಂದ ಮೇಲೆ ಔಟ್‌ಬೋರ್ಡ್ ಮೋಟರ್ ಕೈಕೊಟ್ಟರೆ: ದೋಷ ಹುಡುಕುವ ಕ್ರಮ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಸಣ್ಣ ಮೋಟರ್ ದೋಣಿಯು ನೀರಿನ ಮೇಲೆ ಓಡುವುದಕ್ಕಿಂತ ರಸ್ತೆಯ ಮೇಲೆ ಓಡುವುದೇ ಹೆಚ್ಚು. ಭಾಲ್ಕಿ ತಾಲ್ಲೂಕಿನ ಕಾರಂಜಾ, ಆಳಂದ ತಾಲ್ಲೂಕಿನ ಅಮರ್ಜಾ, ಹೇರೂರಿನ ಬಳಿಯ ಬೆಣ್ಣೆತೊರಾ, ನಾರಾಯಣಪುರದ ಬಸವಸಾಗರ ಇವೆಲ್ಲ ಒಂದಕ್ಕೊಂದು ದೂರದಲ್ಲಿರುವ ಜಲಾಶಯಗಳು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಮತ್ತು ಯಾದಗಿರಿ ಭಾಗದ ನದಿದಂಡೆಯ ಊರುಗಳಿಗೆ ನೀರು ನುಗ್ಗಿದಾಗ ರಕ್ಷಣಾ ದೋಣಿಗಳು ಬಂದದ್ದೂ ರಸ್ತೆಯ ಮೇಲೆಯೇ. ಹೀಗೆ ಬಂದ ಮೋಟರು ದಡದಲ್ಲಿ ಚಾಲೂ ಆಗದಿದ್ದಾಗ ಕೂಡಲೇ ಪಾನಾ ಹಿಡಿದು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬರೇಟರ್ ಬಿಚ್ಚುವುದು ಸಾಮಾನ್ಯ ರೂಢಿ. ಅದಕ್ಕೂ ಮೊದಲು ಮೋಟರು ಯಾವ ಭಂಗಿಯಲ್ಲಿ, ಯಾವ ಬಿಸಿಲಿನಲ್ಲಿ, ಯಾವ ಧೂಳಿನಲ್ಲಿ ಪ್ರಯಾಣ ಮಾಡಿತು ಎಂಬುದನ್ನು ವಿಚಾರಿಸಿದರೆ ದೋಷದ ಅರ್ಧ ದಾರಿ ತಾನಾಗಿಯೇ ತೆರೆದುಕೊಳ್ಳುತ್ತದೆ.

ಇಲ್ಲಿ ಹೇಳುವ ಕ್ರಮವು 2ರಿಂದ 10 ಅಶ್ವಶಕ್ತಿಯವರೆಗಿನ, ಹಗ್ಗ ಎಳೆದು ಚಾಲೂ ಮಾಡುವ, ಕಾರ್ಬರೇಟರ್ ಇರುವ, ದೋಣಿಯ ಹಿಂಬದಿಯ ಹಲಗೆಗೆ ಕ್ಲ್ಯಾಂಪಿನಿಂದ ಬಿಗಿಯುವ ಮೋಟರುಗಳಿಗೆ ಅನ್ವಯಿಸುತ್ತದೆ. ದೊಡ್ಡ ಮೋಟರುಗಳಲ್ಲಿ ಇಂಧನ ಮತ್ತು ವಿದ್ಯುತ್ ವ್ಯವಸ್ಥೆಗಳು ಬೇರೆಯಾಗಿರುವುದರಿಂದ ಅವುಗಳನ್ನು ಇದೇ ಕ್ರಮದಲ್ಲಿ ಪರೀಕ್ಷಿಸಬಾರದು.

ಮೋಟರು ಹೇಗೆ ಬಂತು?

ಸಣ್ಣ ಮೋಟರು ಮೂರು ರೀತಿಯಲ್ಲಿ ಪ್ರಯಾಣ ಮಾಡುತ್ತದೆ: ದೋಣಿಯ ಹಿಂಬದಿಯಲ್ಲಿ ನೆಟ್ಟಗೆ ನಿಂತು, ಅಲ್ಲಿಯೇ ಮೇಲಕ್ಕೆ ಮಡಚಿಕೊಂಡು, ಅಥವಾ ದೋಣಿಯಿಂದ ಕಳಚಿ ವಾಹನದೊಳಗೆ ಮಲಗಿಕೊಂಡು. ನೆಟ್ಟಗೆ ನಿಂತು ಬಂದ ಮೋಟರಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಕೆಳಭಾಗಕ್ಕೆ ತಗುಲಿದ ಪೆಟ್ಟು. ಮಡಚಿಕೊಂಡು ಬಂದದ್ದರಲ್ಲಿ ಮಡಚುವ ಬ್ರಾಕೆಟ್ಟು ಮತ್ತು ಹಿಂಬದಿಯ ಹಲಗೆಯನ್ನು ಅನುಮಾನಿಸಬೇಕು. ಮಲಗಿಕೊಂಡು ಬಂದದ್ದರಲ್ಲಿ, ಅದರಲ್ಲಿಯೂ ಅದು ಫೋರ್ ಸ್ಟ್ರೋಕ್ (ಎಣ್ಣೆಯನ್ನು ಪೆಟ್ರೋಲಿಗೆ ಬೆರೆಸದೆ ಬೇರೆಯಾಗಿಯೇ ತುಂಬುವ ಬಗೆ) ಆಗಿದ್ದರೆ, ಎಣ್ಣೆ ಎಲ್ಲಿಗೆ ಹರಿದಿದೆ ಎಂಬುದೇ ಮೊದಲ ಪ್ರಶ್ನೆ. ಮೋಟರನ್ನು ಇಳಿಸಿಕೊಂಡವರಿಗೆ ಇದು ತಿಳಿದಿರುತ್ತದೆ, ಆದರೆ ಹಗ್ಗ ಎಳೆಯುವವರು ಸಾಮಾನ್ಯವಾಗಿ ಬೇರೆಯವರಾಗಿರುತ್ತಾರೆ. ಆದ್ದರಿಂದ ಕೇಳಿ ತಿಳಿದುಕೊಳ್ಳುವುದೇ ಲೇಸು.

ಹಗ್ಗಕ್ಕೆ ಕೈ ಹಾಕುವ ಮೊದಲು ಮೇಲಿನ ಮುಚ್ಚಳವನ್ನು ತೆಗೆದು ಒಳಗೆ ಒಮ್ಮೆ ಕಣ್ಣಾಡಿಸಬೇಕು. ಕಾರಿನ ಎಂಜಿನ್ನಿಗೆ ಇರುವಂತಹ ಏರ್ ಫಿಲ್ಟರ್ ಔಟ್‌ಬೋರ್ಡ್ ಮೋಟರುಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ ಎಂಬುದು ನಮ್ಮಲ್ಲಿ ಅನೇಕರ ಗಮನಕ್ಕೆ ಬಂದಿಲ್ಲ. ನೀರಿನ ಮೇಲೆ ಧೂಳು ಇರುವುದಿಲ್ಲವೆಂಬ ಲೆಕ್ಕದಲ್ಲಿ ತಯಾರಕರು ಅದನ್ನು ಇಟ್ಟಿಲ್ಲ. ಆದರೆ ಶಹಾಬಾದ್, ವಾಡಿ, ಸೇಡಂ ಕಡೆಯ ರಸ್ತೆಗಳಲ್ಲಿ ಕಲ್ಲಿನ ಗಣಿ ಮತ್ತು ಸಿಮೆಂಟ್ ಲಾರಿಗಳ ಬಿಳಿ ಪುಡಿ, ಒಳದಾರಿಗಳಲ್ಲಿ ಎರೆಮಣ್ಣಿನ ಕರಿ ಧೂಳು ಇವೆರಡೂ ಮುಂದಿನ ವಾಹನದ ಹಿಂದೆಯೇ ಸುಳಿದು, ಎಳೆದು ತರುವ ದೋಣಿಯ ಹಿಂಬದಿಯಲ್ಲಿಯೇ ಬಂದು ಕೂರುತ್ತವೆ. ಗಾಳಿ ಒಳಹೋಗುವ ಬಾಯಿಯಲ್ಲಿ ಬೆರಳಾಡಿಸಿದಾಗ ಪುಡಿ ಹತ್ತಿದರೆ ಒದ್ದೆ ಬಟ್ಟೆಯಿಂದ ಒರೆಸಿದ ಮೇಲೆಯೇ ಮುಂದುವರಿಯಬೇಕು. ಮೊದಲ ಎಳೆತದಲ್ಲಿಯೇ ಆ ಪುಡಿ ಸಿಲಿಂಡರಿನೊಳಗೆ ಹೋಗುತ್ತದೆ, ಮತ್ತು ಸುಣ್ಣಕಲ್ಲಿನ ಪುಡಿ ಪಿಸ್ಟನ್ ರಿಂಗುಗಳನ್ನು ತಿನ್ನುತ್ತದೆ. ಚೋಕ್ ಮತ್ತು ಆಕ್ಸಿಲರೇಟರಿನ ಕೊಂಡಿಗಳು ಎಣ್ಣೆ ಜಿಡ್ಡಿನ ಮೇಲೆ ಧೂಳು ಕುಳಿತು ಬಿಗಿಯಾಗಿರುವುದೂ ಉಂಟು. ಹಿಡಿಯನ್ನು ತಿರುಗಿಸಿ ಬಿಟ್ಟಾಗ ಕಾರ್ಬರೇಟರಿನ ಕೊಂಡಿ ತನ್ನ ಮೂಲ ಸ್ಥಾನಕ್ಕೆ ಸರಿಯಾಗಿ ಮರಳುತ್ತದೆಯೇ ಎಂಬುದನ್ನು ಇದೇ ಹೊತ್ತಿನಲ್ಲಿ ನೋಡಿಬಿಡಬಹುದು.

ಹಗ್ಗವೇ ಬರುತ್ತಿಲ್ಲ

ಹಗ್ಗ ಬಿಗಿಯಾಗಿ ನಿಂತರೆ ಬಲ ಹಾಕಬಾರದು. ಹೆಚ್ಚಿನ ಮೋಟರುಗಳಲ್ಲಿ ಗೇರು ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಹಗ್ಗವನ್ನು ತಡೆಯುವ ಏರ್ಪಾಡು ಇರುತ್ತದೆ. ದಾರಿಯಲ್ಲಿ ಸಾಮಾನು ತಗುಲಿ ಗೇರಿನ ಹಿಡಿ ಸರಿದಿರಬಹುದು. ಅದನ್ನು ನ್ಯೂಟ್ರಲ್‌ಗೆ ತಂದಾಗ ಹಗ್ಗ ಬಂದರೆ ತೊಂದರೆ ಅಲ್ಲಿಗೆ ಮುಗಿಯಿತು.

ನ್ಯೂಟ್ರಲ್‌ನಲ್ಲಿದ್ದೂ ಹಗ್ಗ ಸ್ವಲ್ಪ ಬಂದು ಗಟ್ಟಿಯಾಗಿ ನಿಂತರೆ, ಮತ್ತು ಮೋಟರು ಮಲಗಿಕೊಂಡು ಬಂದಿದ್ದರೆ, ಸಿಲಿಂಡರಿನಲ್ಲಿ ದ್ರವ ತುಂಬಿಕೊಂಡಿದೆ ಎಂದು ತಿಳಿಯಬೇಕು. ಫೋರ್ ಸ್ಟ್ರೋಕ್ ಮೋಟರಿನ ಎಣ್ಣೆ ಅದರ ತಳದ ತೊಟ್ಟಿಯಲ್ಲಿರುತ್ತದೆ. ತಪ್ಪು ಮಗ್ಗುಲಿಗೆ ಮಲಗಿಸಿದರೆ ಅದು ಪಿಸ್ಟನ್ನಿನ ಪಕ್ಕದಿಂದ, ಉಸಿರಾಟದ ಕೊಳವೆಯಿಂದ ಹರಿದು ಸಿಲಿಂಡರಿಗೂ ಕಾರ್ಬರೇಟರಿಗೂ ಸೇರುತ್ತದೆ. ದ್ರವವನ್ನು ಅದುಮಿ ಕುಗ್ಗಿಸಲು ಪಿಸ್ಟನ್ನಿಗೆ ಆಗುವುದಿಲ್ಲ. ಇಬ್ಬರು ಸೇರಿ ಬಲವಾಗಿ ಎಳೆದರೆ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ, ಆ ಮೇಲೆ ದುರಸ್ತಿಯ ವೆಚ್ಚ ಮೋಟರಿನ ಬೆಲೆಯನ್ನೇ ಮುಟ್ಟಬಹುದು.

ಮಾಡಬೇಕಾದದ್ದು ಇಷ್ಟು. ಎಂಜಿನ್ ನಿಲ್ಲಿಸುವ ಕೆಂಪು ಕ್ಲಿಪ್ಪನ್ನು ತೆಗೆದಿಟ್ಟು, ಮೋಟರನ್ನು ನೆಟ್ಟಗೆ ನಿಲ್ಲಿಸಿ, ಕಿಡಿ ಕೊಡುವ ಪ್ಲಗ್ ಬಿಚ್ಚಿ, ಪ್ಲಗ್ಗಿನ ರಂಧ್ರದ ಮೇಲೆ ಹಳೆಯ ಬಟ್ಟೆ ಹಾಕಿ, ಮುಖವನ್ನು ಆ ಕಡೆಯಿಂದ ದೂರವಿಟ್ಟುಕೊಂಡು ಹಗ್ಗವನ್ನು ನಿಧಾನವಾಗಿ ಹಲವು ಬಾರಿ ಎಳೆಯಬೇಕು. ಹೊರಗೆ ಬಂದದ್ದು ಎಣ್ಣೆಯೋ ನೀರೋ ಎಂಬುದನ್ನು ಬಟ್ಟೆಯ ಮೇಲೆ ನೋಡಬೇಕು, ಏಕೆಂದರೆ ಮುಂದಿನ ದಾರಿ ಅದರ ಮೇಲೆ ನಿಂತಿದೆ. ಎಣ್ಣೆಯಾಗಿದ್ದರೆ ಪ್ಲಗ್ ಒರೆಸಿ ಒಣಗಿಸಿ ಹಾಕಿ, ಮೋಟರು ನೆಟ್ಟಗೆ ನಿಂತು ಸ್ವಲ್ಪ ಹೊತ್ತಾದ ನಂತರ ಎಣ್ಣೆಯ ಮಟ್ಟವನ್ನು ಕಡ್ಡಿಯಿಂದ ಅಳೆದು, ಕಡಿಮೆಯಿದ್ದರೆ ತುಂಬಿ ಚಾಲೂ ಮಾಡಬಹುದು. ಕೆಲವು ನಿಮಿಷ ನೀಲಿ ಬೆರೆತ ಬಿಳಿ ಹೊಗೆ ಬರುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ನೀರಾಗಿದ್ದರೆ ವಿಷಯ ಗಂಭೀರ. ಹಿಂದಿನ ಬಾರಿ ನೀರಿನಿಂದ ಎತ್ತಿದ ಕೂಡಲೇ, ಒಳಗಿನ ನೀರು ಬಸಿಯುವ ಮೊದಲೇ, ತಲೆ ಕೆಳಗಾಗುವಂತೆ ಮಲಗಿಸಿದ್ದರಿಂದ ಹೊಗೆ ಹೋಗುವ ಮಾರ್ಗದಲ್ಲಿದ್ದ ನೀರು ಸಿಲಿಂಡರಿಗೆ ಇಳಿದಿರುತ್ತದೆ. ಅದನ್ನು ಹೊರಹಾಕಿ, ಸಿಲಿಂಡರಿಗೆ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಹಗ್ಗ ಎಳೆದು ಹರಡಿಸಿ, ಅಂದೇ ಚಾಲೂ ಮಾಡಿ ಒಣಗಿಸಬೇಕು. ಎಣ್ಣೆಯ ಕಡ್ಡಿಯಲ್ಲಿ ಬಿಳುಪು ಕಂಡರೆ ಮೊದಲು ಆಯಿಲ್ ಬದಲಿಸಿಯೇ ಚಾಲೂ ಮಾಡತಕ್ಕದ್ದು. ನೀರು ನಿಂತ ಸಿಲಿಂಡರು ವಾರವೊಂದರಲ್ಲಿಯೇ ತುಕ್ಕು ಹಿಡಿಯಬಲ್ಲದು.

ಹಗ್ಗ ಬರುತ್ತದೆ, ಎಂಜಿನ್ ಹಿಡಿಯುವುದಿಲ್ಲ

ಈ ದೂರು ಎಲ್ಲಕ್ಕಿಂತ ಹೆಚ್ಚು ಕೇಳಿಬರುತ್ತದೆ, ಮತ್ತು ಇದರ ಕಾರಣಗಳಲ್ಲಿ ಬಹಳಷ್ಟು ಒಂದು ರೂಪಾಯಿ ಖರ್ಚಿಲ್ಲದೆ ಸರಿಹೋಗುವಂಥವು. ಕೆಂಪು ಕ್ಲಿಪ್ ತನ್ನ ಸ್ಥಾನದಲ್ಲಿದೆಯೇ, ಪೆಟ್ರೋಲ್ ಕಾಕ್ ತೆರೆದಿದೆಯೇ, ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ತಿರುಪು ಬಿಚ್ಚಿದೆಯೇ ಎಂಬ ಮೂರನ್ನು ಮೊದಲು ನೋಡಬೇಕು. ಪ್ರಯಾಣಕ್ಕೆಂದು ಸರಿಯಾಗಿಯೇ ಮುಚ್ಚಿದ್ದನ್ನು ದಡದಲ್ಲಿ ತೆರೆಯಲು ಮರೆಯುವುದು ಸಹಜ.

ನಂತರ ಮೂಸಿ ನೋಡಬೇಕು. ಪೆಟ್ರೋಲಿನ ಕಟು ವಾಸನೆ ಬಂದು, ಬಿಚ್ಚಿದ ಪ್ಲಗ್ ಒದ್ದೆಯಾಗಿದ್ದರೆ ಎಂಜಿನ್ನಿಗೆ ಇಂಧನ ಅತಿಯಾಗಿದೆ. ನಮ್ಮ ಬೇಸಿಗೆಯಲ್ಲಿ ಇದಕ್ಕೆ ವಿಶೇಷ ಕಾರಣವಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ, ತೆರೆದ ದೋಣಿಯಲ್ಲಿಟ್ಟ ಟ್ಯಾಂಕಿನ ಬಿಸಿ ಅದಕ್ಕಿಂತಲೂ ಹೆಚ್ಚು. ಗಾಳಿ ತಿರುಪು ಮುಚ್ಚಿದ ಪ್ರತ್ಯೇಕ ಟ್ಯಾಂಕು ಉಬ್ಬಿಕೊಂಡು, ಪೈಪು ಮೋಟರಿಗೆ ಜೋಡಿಸಿಯೇ ಇದ್ದರೆ, ಆ ಒತ್ತಡವು ಕಾರ್ಬರೇಟರಿನ ತೇಲುಗುಂಡಿನ ಸೂಜಿಯನ್ನು ತಳ್ಳಿ ಪೆಟ್ರೋಲನ್ನು ಒಳಗೆ ನುಗ್ಗಿಸುತ್ತದೆ. ರಸ್ತೆಯ ಕುಲುಕಾಟಕ್ಕೆ ಆ ತೇಲುಗುಂಡು ಕುಣಿದು ಸೂಜಿಯ ತುದಿಯನ್ನು ಸವೆಸುವುದೂ ಇದೇ ದೋಷಕ್ಕೆ ದಾರಿ. ಪರಿಹಾರವಾಗಿ ಪೈಪನ್ನು ಬಿಡಿಸಿ, ಟ್ಯಾಂಕಿನ ತಿರುಪನ್ನು ನಿಧಾನವಾಗಿ ಬಿಚ್ಚಿ ಒತ್ತಡ ಇಳಿಸಿ, ಚೋಕ್ ಒಳಕ್ಕೆ ತಳ್ಳಿ, ಕೆಂಪು ಕ್ಲಿಪ್ ತೆಗೆದು, ಪ್ಲಗ್ ಇಲ್ಲದೆ ಹಗ್ಗ ಎಳೆದು ಸಿಲಿಂಡರನ್ನು ಒಣಗಿಸಬೇಕು. ಈ ಕೆಲಸದ ಆಸುಪಾಸಿನಲ್ಲಿ ಬೀಡಿ, ಸಿಗರೇಟ್, ಸ್ಟೋವ್ ಯಾವುದೂ ಇರಕೂಡದು.

ಪ್ಲಗ್ ಒಣಗಿದ್ದರೆ ತೊಂದರೆ ಇದಕ್ಕೆ ವಿರುದ್ಧ: ಇಂಧನ ತಲುಪುತ್ತಿಲ್ಲ. ಪ್ರತ್ಯೇಕ ಟ್ಯಾಂಕ್ ಇರುವ ಮೋಟರಿನಲ್ಲಿ ಹಿಚುಕುವ ರಬ್ಬರ್ ಬಲ್ಬು ಒಳ್ಳೆಯ ಸಾಕ್ಷಿ ಹೇಳುತ್ತದೆ. ಬಾಣದ ಗುರುತು ಮೇಲ್ಮುಖವಾಗಿರುವಂತೆ ಹಿಡಿದು ಹಿಚುಕಿದಾಗ ಅದು ಗಟ್ಟಿಯಾಗದೆ ಮೆತ್ತಗೇ ಉಳಿದರೆ, ಟ್ಯಾಂಕಿನ ಕಡೆಯ ಕೀಲಿನಲ್ಲಿ ಗಾಳಿ ಸೇರುತ್ತಿದೆ; ರಸ್ತೆಯ ಅದುರಾಟಕ್ಕೆ ಕೀಲಿನ ಸಣ್ಣ ರಬ್ಬರ್ ಉಂಗುರ ಸೀಳಿರಬಹುದು ಅಥವಾ ಸಾಮಾನಿನ ಕೆಳಗೆ ಸಿಕ್ಕಿ ಪೈಪು ಬಿರುಕು ಬಿಟ್ಟಿರಬಹುದು. ಬಲ್ಬು ಗಟ್ಟಿಯಾಗಿಯೂ ಎಂಜಿನ್ ಹಿಡಿಯದಿದ್ದರೆ ಪೆಟ್ರೋಲು ಕಾರ್ಬರೇಟರಿನವರೆಗೆ ಬಂದು ಅಲ್ಲಿ ನಿಂತಿದೆ. ಹಿಚುಕಿದ ಬಲ್ಬು ಚಪ್ಪಟೆಯಾಗಿಯೇ ಉಳಿದು ಮತ್ತೆ ಉಬ್ಬದಿದ್ದರೆ ಟ್ಯಾಂಕಿನ ಗಾಳಿ ತಿರುಪು ಮುಚ್ಚಿದೆ ಅಥವಾ ಟ್ಯಾಂಕಿನೊಳಗಿನ ಜರಡಿ ಕಟ್ಟಿದೆ.

ಜರಡಿ ಕಟ್ಟುವುದಕ್ಕೂ ರಸ್ತೆಗೂ ನೇರ ಸಂಬಂಧವಿದೆ. ಟ್ಯಾಂಕಿನ ತಳದಲ್ಲಿ ತಿಂಗಳುಗಟ್ಟಲೆ ಅಲುಗದೆ ಕುಳಿತ ಕಸ ಮತ್ತು ನೀರು ಕಲಬುರಗಿಯಿಂದ ಹುಮನಾಬಾದ್ ಮಾರ್ಗವಾಗಿ ಬೀದರಿಗೆ ಹೋಗುವಷ್ಟರಲ್ಲಿ ಪೂರ್ತಿ ಕಲಕಿಹೋಗಿರುತ್ತವೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪ್ರತಿಶತದವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಹೀರುತ್ತದೆ, ನೀರು ಮಿತಿಮೀರಿದಾಗ ಅದರೊಡನೆ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಬಹುತೇಕ ಔಟ್‌ಬೋರ್ಡ್ ತಯಾರಕರ ಕೈಪಿಡಿಗಳು ಎಥನಾಲಿಗೆ 10 ಪ್ರತಿಶತದ ಮಿತಿ ಹೇಳುವುದರಿಂದ ನಮ್ಮಲ್ಲಿ ರಬ್ಬರ್ ಭಾಗಗಳನ್ನು ಹೆಚ್ಚು ಎಚ್ಚರದಿಂದ ನೋಡುತ್ತಿರಬೇಕು, ಮತ್ತು ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕನ್ನು ತಿಂಗಳುಗಟ್ಟಲೆ ಇಡಬಾರದು. ಪರೀಕ್ಷೆ ಸುಲಭ: ಕಾರ್ಬರೇಟರಿನ ತಳದ ತಿರುಪನ್ನು ಬಿಚ್ಚಿ ಒಳಗಿನ ಇಂಧನವನ್ನು ಗಾಜಿನ ಲೋಟಕ್ಕೆ ಬಸಿದು ಸ್ವಲ್ಪ ಹೊತ್ತು ಬಿಟ್ಟರೆ, ನೀರಿದ್ದಲ್ಲಿ ತಳದಲ್ಲಿ ಬೇರೆ ಪದರವಾಗಿ ಕಾಣುತ್ತದೆ. ಹಾಗೆ ಕಂಡರೆ ಆ ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ಬದಲಿಸಬೇಕು, ಮೇಲಿನದನ್ನು ಉಳಿಸಿಕೊಳ್ಳುವ ಆಸೆ ಬೇಡ. ಟೂ ಸ್ಟ್ರೋಕ್ ಮೋಟರಾದರೆ ಹೊಸ ಪೆಟ್ರೋಲಿಗೆ ಆಯಿಲ್ ಬೆರೆಸುವುದನ್ನು ಮರೆಯುವಂತಿಲ್ಲ. ಕೈಪಿಡಿ 50ಕ್ಕೆ 1 ಎಂದು ಹೇಳಿದ್ದರೆ ಲೀಟರಿಗೆ 20 ಮಿಲಿಲೀಟರ್ ಎಂದರ್ಥ.

ಇಂಧನ ಸರಿಯಿದ್ದು ಕಿಡಿಯ ಬಗ್ಗೆ ಅನುಮಾನವಿದ್ದರೆ, ಪ್ಲಗ್ಗನ್ನು ಅದರ ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ರಂಧ್ರದಿಂದ ದೂರದಲ್ಲಿ ಎಂಜಿನ್ನಿನ ಲೋಹಕ್ಕೆ ತಾಗಿಸಿ, ತೆಗೆದಿಟ್ಟ ಕೆಂಪು ಕ್ಲಿಪ್ಪನ್ನು ಮತ್ತೆ ಹಾಕಿ ಹಗ್ಗ ಎಳೆದು ನೋಡಬೇಕು. ಚೆಲ್ಲಿದ ಪೆಟ್ರೋಲು ಆರುವ ತನಕ ಈ ಪರೀಕ್ಷೆಯನ್ನು ಮಾಡಬಾರದು. ಕಿಡಿ ಬಾರದಿದ್ದರೆ ನಿಲ್ಲಿಸುವ ಸ್ವಿಚ್ಚಿನ ತಂತಿ ಎಲ್ಲಿಯಾದರೂ ಉಜ್ಜಿ ಸುಲಿದಿದೆಯೇ ಎಂಬುದನ್ನು ಮೊದಲು ಹುಡುಕಬೇಕು. ಎಳೆದು ತಂದ ಮೋಟರಿನಲ್ಲಿ ಕಿಡಿ ಹುಟ್ಟಿಸುವ ಕಾಯಿಲ್ ಕೆಟ್ಟಿರುವುದಕ್ಕಿಂತ ತಂತಿ ಸುಲಿದಿರುವುದೇ ಹೆಚ್ಚು ಸಂಭವನೀಯ.

ಹಿಡಿಯುತ್ತದೆ, ಆದರೆ ನಿಲ್ಲುತ್ತದೆ

ಚಾಲೂ ಆಗಿ ಕೆಲವು ನಿಮಿಷ ಚೆನ್ನಾಗಿ ಓಡಿ ಸೊರಗಿ ನಿಂತರೆ ಮತ್ತೆ ಟ್ಯಾಂಕಿನ ಗಾಳಿ ತಿರುಪನ್ನೇ ನೋಡಬೇಕು. ಚೋಕ್ ಎಳೆದಿದ್ದಾಗ ಮಾತ್ರ ಓಡುತ್ತಿದ್ದರೆ, ಅಥವಾ ವೇಗದಲ್ಲಿ ಓಡಿ ನಿಧಾನ ಮಾಡಿದ ಕೂಡಲೇ ನಿಲ್ಲುತ್ತಿದ್ದರೆ, ಕಾರ್ಬರೇಟರಿನ ಸಣ್ಣ ಜೆಟ್ (ಪೆಟ್ರೋಲು ಹಾಯುವ ಕಿರುರಂಧ್ರದ ಭಾಗ) ಕಟ್ಟಿದೆ ಎಂದು ಬಹುತೇಕ ನಿಶ್ಚಯವಾಗಿ ಹೇಳಬಹುದು. ಈಗ ಕಾರ್ಬರೇಟರ್ ಬಿಚ್ಚಲು ನಿಜವಾದ ಕಾರಣ ಸಿಕ್ಕಂತಾಯಿತು. ಜೆಟ್ಟನ್ನು ಕಾರ್ಬರೇಟರ್ ಕ್ಲೀನರ್ ಮತ್ತು ಗಾಳಿಯ ಒತ್ತಡದಿಂದಲೇ ಸ್ವಚ್ಛಗೊಳಿಸಬೇಕು. ಬೈಕ್ ಗ್ಯಾರೇಜಿನಲ್ಲಿ ಮಿಸ್ತ್ರಿಗಳು ಅವಸರಕ್ಕೆ ತಂತಿ ತೂರಿಸುವುದುಂಟು, ಅದರಿಂದ ರಂಧ್ರ ಅಗಲವಾಗಿ ಇಂಧನದ ಲೆಕ್ಕ ಶಾಶ್ವತವಾಗಿ ತಪ್ಪುತ್ತದೆ.

ನೀರಿನ ಧಾರೆ ಬಾರದಿದ್ದರೆ

ಮೋಟರು ಓಡುವಾಗ ಹಿಂದೆ ಚಿಮ್ಮುವ ಸಣ್ಣ ನೀರಿನ ಧಾರೆ ತಂಪು ನೀರಿನ ಪಂಪು ಕೆಲಸ ಮಾಡುತ್ತಿದೆ ಎಂಬುದಕ್ಕೆ ಗುರುತು. ಅದು ಕಾಣದಿದ್ದರೆ ಎಂಜಿನ್ ಕೂಡಲೇ ನಿಲ್ಲಿಸಬೇಕು. ಶೆಡ್ಡಿನಲ್ಲಿ ಇಟ್ಟಿದ್ದ ಮೋಟರಿನ ಈ ಕಿರಿದಾದ ರಂಧ್ರದಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿರುವುದು ಬಹಳ ಸಾಮಾನ್ಯ. ಮೆತ್ತನೆಯ ನೈಲಾನ್ ದಾರವನ್ನು ತೂರಿಸಿದರೆ ಮಣ್ಣು ಉದುರಿ ಧಾರೆ ಬರುತ್ತದೆ. ಬಾರದಿದ್ದರೆ ಕೆಳಗಿನ ನೀರು ಸೇರುವ ಜಾಲರಿಯಲ್ಲಿ ಕಳೆ, ಪ್ಲಾಸ್ಟಿಕ್ ಅಥವಾ ಎರೆಮಣ್ಣು ಹಿಡಿದಿದೆಯೇ ನೋಡಬೇಕು. ಪ್ರವಾಹದ ಕದಡಿದ ಭೀಮಾ ನೀರಿನಲ್ಲಿ ಓಡಿದ ಮೋಟರನ್ನು ತೊಳೆಯದೆ ಎಳೆದುಕೊಂಡು ಹೋದರೆ ಒಳಗಿನ ಕೆಸರು ಬಿಸಿಲಿಗೆ ಗಟ್ಟಿಯಾಗಿ ಮುಂದಿನ ಬಾರಿ ಇದೇ ದೋಷವಾಗಿ ಮರಳುತ್ತದೆ. ಇವೆರಡೂ ಸರಿಯಿದ್ದರೆ ಪಂಪಿನೊಳಗೆ ತಿರುಗಿ ನೀರು ತಳ್ಳುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್ ಹೋಗಿದೆ, ಅದನ್ನು ಬದಲಿಸುವುದೇ ದಾರಿ.

ಹೊರಡುವ ಮೊದಲು ಮನೆಯಲ್ಲಿ ಚಾಲೂ ಮಾಡಿ ನೋಡುವ ಅಭ್ಯಾಸ ಒಳ್ಳೆಯದೇ, ಆದರೆ ನೀರಿಲ್ಲದೆ ಮಾಡಬಾರದು. ಒಣಗಿದ ಇಂಪೆಲ್ಲರ್ ಕೆಲವೇ ಸೆಕೆಂಡುಗಳಲ್ಲಿ ಸುಡಲಾರಂಭಿಸುತ್ತದೆ. 200 ಲೀಟರಿನ ಬ್ಯಾರಲ್ಲಿನಲ್ಲಿ ಪಂಖದ ಮೇಲಿನ ಅಗಲ ತಟ್ಟೆ ಮುಳುಗುವಷ್ಟು ನೀರು ತುಂಬಿ, ಮೋಟರನ್ನು ಗಟ್ಟಿಯಾದ ಹಲಗೆಗೆ ಬಿಗಿದು, ನ್ಯೂಟ್ರಲ್‌ನಲ್ಲಿಯೇ ಓಡಿಸಬೇಕು.

ಎಂಜಿನ್ ಕೂಗುತ್ತದೆ, ದೋಣಿ ಸಾಗುವುದಿಲ್ಲ

ಪಂಖವನ್ನು ಹಿಡಿದಿರುವ ಮೆತು ಲೋಹದ ಪಿನ್ನು ತುಂಡಾಗಿದೆ. ಹಳ್ಳಿಯ ರಸ್ತೆಯುಬ್ಬಿಗೆ ಕೆಳಭಾಗ ಬಡಿದಾಗ ಅದು ಅರ್ಧ ಸೀಳಿ, ನೀರಿನಲ್ಲಿ ಮೊದಲ ಬಲಕ್ಕೇ ಮುರಿಯುತ್ತದೆ. ಬೇರೆ ಪಿನ್ನನ್ನೂ ಕಾಟರ್ ಪಿನ್ನನ್ನೂ ಮೋಟರಿನಲ್ಲಿಯೇ ಇಟ್ಟುಕೊಂಡಿರಬೇಕು; ಅದರ ಬದಲಿಗೆ ಮೊಳೆ ಹಾಕುವುದು ಗೇರಿಗೆ ಆಪತ್ತು. ಪಿನ್ನು ಇಲ್ಲದ ಮೋಟರುಗಳಲ್ಲಿ ಪಂಖದ ನಡುವಿನ ರಬ್ಬರ್ ಜಾರುತ್ತದೆ, ಆಗ ಪಂಖವನ್ನೇ ಬದಲಿಸಬೇಕು.

ಪೆಟ್ಟು ತಗುಲಿದ ಅನುಮಾನವಿದ್ದರೆ ಕೆಂಪು ಕ್ಲಿಪ್ ತೆಗೆದು, ನ್ಯೂಟ್ರಲ್‌ನಲ್ಲಿ ಪಂಖವನ್ನು ಕೈಯಿಂದ ತಿರುಗಿಸುತ್ತಾ ಅದರ ಷಾಫ್ಟಿನ ತುದಿ ಒಂದೇ ಬಿಂದುವಿನಲ್ಲಿ ನಿಲ್ಲುತ್ತದೆಯೋ ಸುತ್ತು ಹಾಕುತ್ತದೆಯೋ ನೋಡಬೇಕು. ಸುತ್ತು ಹಾಕಿದರೆ ಷಾಫ್ಟ್ ಬಾಗಿದೆ, ಅದರ ಸೀಲು ಹೆಚ್ಚು ದಿನ ಬಾಳದು. ಗೇರ್ ಆಯಿಲಿನ ಕೆಳಗಿನ ತಿರುಪನ್ನು ತುಸು ಬಿಚ್ಚಿದಾಗ ಬರುವ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣದಲ್ಲಿದ್ದರೆ ನೀರು ಈಗಾಗಲೇ ಒಳಗಿದೆ. ಬಿಸಿಲಲ್ಲಿ ಕಾದ ಗೇರ್ ಕೇಸನ್ನು ನೇರವಾಗಿ ಜಲಾಶಯದ ತಣ್ಣೀರಿಗೆ ಇಳಿಸಿದಾಗ ಒಳಗಿನ ಗಾಳಿ ಕುಗ್ಗಿ, ದುರ್ಬಲ ಸೀಲಿನ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ದಡಕ್ಕೆ ಬಂದ ಮೇಲೆ ದೋಣಿಯನ್ನು ನೆರಳಿನಲ್ಲಿ ಅರ್ಧ ಗಂಟೆ ನಿಲ್ಲಿಸುವುದು ಸೂಕ್ತ. ಹೊಸ ಎಣ್ಣೆಯನ್ನು ಕೆಳಗಿನ ರಂಧ್ರದಿಂದಲೇ ಒತ್ತಿ, ಮೇಲಿನ ರಂಧ್ರದಲ್ಲಿ ಉಕ್ಕಿ ಬರುವವರೆಗೆ ತುಂಬಬೇಕು. ಮೇಲಿನಿಂದ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ.

ಮೋಟರು ಹಿಡಿತದಲ್ಲಿಲ್ಲ, ಹಲಗೆ ಅಲುಗುತ್ತದೆ

ಕೈಯಿಂದ ಬಿಗಿಯುವ ಕ್ಲ್ಯಾಂಪಿನ ತಿರುಪುಗಳು ಅದುರಾಟಕ್ಕೆ ತಾವಾಗಿಯೇ ಸಡಿಲಗೊಳ್ಳುತ್ತವೆ. ಅವುಗಳನ್ನು ಬಿಗಿದ ಮೇಲೂ ಮೋಟರು ಅಲುಗಿದರೆ ಹಿಂಬದಿಯ ಹಲಗೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಬೇಕು. ಗಟ್ಟಿ ಮರದ ಸದ್ದಿನ ಬದಲು ಮಂದವಾದ ಸದ್ದು ಬಂದರೆ ಒಳಗಿನ ಪ್ಲೈವುಡ್ ನೆನೆದು ಕೊಳೆತಿದೆ, ಅಂಥ ಹಲಗೆಗೆ ಮೋಟರು ಕಟ್ಟಿ ನೀರಿಗಿಳಿಯಬಾರದು. ಮಡಚಿಕೊಂಡು ಬಂದ ಮೋಟರಿನಲ್ಲಿ ಮಡಚುವ ಪಿನ್ನು ಬಾಗಿರುವುದನ್ನೂ, ಬ್ರಾಕೆಟ್ಟಿನ ಮೂಲೆಗಳಲ್ಲಿ ಕೂದಲೆಳೆಯ ಬಿರುಕು ಕಾಣುವುದನ್ನೂ ಪರೀಕ್ಷಿಸಬೇಕು. ಮಡಚಿದ ಮೋಟರನ್ನು ಹಿಡಿದು ನಿಲ್ಲಿಸುವ ಸಣ್ಣ ಚಿಲಕವು ನಿಂತ ದೋಣಿಗಾಗಿ ಇರುವಂಥದ್ದು. ಅದನ್ನು ನಂಬಿ ನೂರು ಕಿಲೋಮೀಟರ್ ಎಳೆದರೆ ಪ್ರತಿ ಗುಂಡಿಯ ಪೆಟ್ಟೂ ಆ ಚಿಲಕದ ಮೂಲಕ ಹಲಗೆಗೇ ತಗುಲುತ್ತದೆ.

ಮುಂದಿನ ಪ್ರಯಾಣಕ್ಕೆ

10 ಅಶ್ವಶಕ್ತಿಗಿಂತ ಕಡಿಮೆಯ ಮೋಟರನ್ನು ಎಳೆಯುವಾಗ ದೋಣಿಯಿಂದ ಕಳಚಿಡುವುದೇ ನನ್ನ ದೃಷ್ಟಿಯಲ್ಲಿ ಸರಿಯಾದ ಕ್ರಮ. ಗಾಳಿ ತುಂಬುವ ರಬ್ಬರ್ ದೋಣಿಗಳಲ್ಲಿ ಇದಕ್ಕೆ ವಿನಾಯಿತಿಯೇ ಇಲ್ಲ, ಏಕೆಂದರೆ ಅವುಗಳ ಹಲಗೆಯು ಅಂಟಿನ ಮೇಲೆ ನಿಂತಿರುತ್ತದೆ. ಮೋಟರನ್ನು ದೋಣಿಯಲ್ಲಿಯೇ ಬಿಟ್ಟು ಎಳೆಯಬೇಕಾದರೆ, ನೆಲದಿಂದ ಸಾಕಷ್ಟು ಎತ್ತರವಿದ್ದಲ್ಲಿ ನೆಟ್ಟಗೆ ನಿಲ್ಲಿಸಿ, ಇಲ್ಲದಿದ್ದರೆ ಮಡಚಿ ಟ್ರೇಲರಿನ ಚೌಕಟ್ಟಿಗೆ ಆಸರೆಯ ಕೋಲು ಕೊಟ್ಟು, ತಿರುಗಿಸುವ ಹಿಡಿಯನ್ನು ಅಲುಗದಂತೆ ಕಟ್ಟಿ, ಕ್ಲ್ಯಾಂಪಿನ ಜೊತೆಗೆ ಸರಪಳಿಯನ್ನೂ ಹಾಕಬೇಕು. ಗಾಳಿಗೆ ಪಟಪಟಿಸದಂತೆ ಬಿಗಿದ ಬಟ್ಟೆಯ ಹೊದಿಕೆ ಧೂಳಿನ ಬಹುಪಾಲನ್ನು ತಡೆಯುತ್ತದೆ.

ಕಳಚುವ ಮುನ್ನ ಪೆಟ್ರೋಲ್ ಕಾಕ್ ಮುಚ್ಚಿ ಅಥವಾ ಪೈಪು ಬಿಡಿಸಿ, ಮೋಟರು ನೀರಿನಲ್ಲಿರುವಾಗಲೇ ಅದು ತಾನಾಗಿ ನಿಲ್ಲುವವರೆಗೆ ಓಡಿಸಿ, ಕಾರ್ಬರೇಟರಿನಲ್ಲಿ ಉಳಿದದ್ದನ್ನು ತಿರುಪು ಬಿಚ್ಚಿ ಬಸಿಯಬೇಕು. ಬಳಿಕ ಮೋಟರನ್ನು ಹಲಗೆಯ ಮೇಲೆಯೇ ನೆಟ್ಟಗೆ ಬಿಟ್ಟು ಒಳಗಿನ ನೀರು ಸಂಪೂರ್ಣ ಇಳಿದ ಮೇಲೆ ಕಳಚಿ, ತಯಾರಕರು ಗುರುತು ಮಾಡಿರುವ ಮಗ್ಗುಲಿಗೇ, ತಲೆಯ ಭಾಗ ಪಂಖದ ಭಾಗಕ್ಕಿಂತ ಎತ್ತರವಿರುವಂತೆ ಹಳೆಯ ಗಾದಿಯ ಮೇಲೆ ಮಲಗಿಸಬೇಕು. ಆ ಮಗ್ಗುಲು ಎಲ್ಲ ಮೋಟರುಗಳಲ್ಲಿಯೂ ಒಂದೇ ಆಗಿರುವುದಿಲ್ಲವಾದ್ದರಿಂದ ಮುಚ್ಚಳದ ಮೇಲೆ ಬಣ್ಣದಿಂದ ದೊಡ್ಡದಾಗಿ ‘ಈ ಮಗ್ಗುಲು ಕೆಳಗೆ’ ಎಂದು ಬರೆದಿಡುವುದು ಒಳ್ಳೆಯದು. ಲೋಡು ಮಾಡುವ ಕೈಗಳು ಪ್ರತಿ ಬಾರಿಯೂ ಬೇರೆಯಾಗಿರುತ್ತವೆ. ಪ್ರತ್ಯೇಕ ಟ್ಯಾಂಕನ್ನು ಮೇಲೆ ಹತ್ತನೆಯ ಒಂದು ಭಾಗ ಖಾಲಿ ಬಿಟ್ಟು, ತಿರುಪು ಮುಚ್ಚಿ, ಜನ ಕೂರುವ ವಾಹನದೊಳಗೆ ಇಡದೆ ದೋಣಿಯಲ್ಲಿಯೇ ಗಾಳಿಯಾಡುವ ನೆರಳಿನಲ್ಲಿ ಕಟ್ಟಬೇಕು, ಮತ್ತು ದಡದಲ್ಲಿ ಪೈಪು ಜೋಡಿಸುವ ಮೊದಲು ತಿರುಪನ್ನು ಬಿಚ್ಚಿ ಒತ್ತಡವನ್ನು ಹೊರಬಿಡಬೇಕು.